ಸೇವಂತಿಗೆ ಕುಂಡವನ್ನು ಕಸಕ್ಕೆ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಹಬ್ಬದ ದಿನಗಳಿಗೆ ಕುಂಡಗಳಲ್ಲಿ ಬಣ್ಣದ ತೋಟ ಮಾಡುವ ಬಗ್ಗೆ ಒಂದು ಬರಹ ಬಂದಿತ್ತು. ಚಿತ್ರಗಳು ತುಂಬಾ ಚೆನ್ನಾಗಿದ್ದವು. ಆ ಪುಟ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆದರೆ ಕೊನೆಯಲ್ಲಿ ಒಂದು ಸಾಲು ಇತ್ತು. ಹೂ ಮುಗಿದ ಮೇಲೆ ಸೇವಂತಿಗೆ ಗಿಡ ಕಿತ್ತುಹಾಕಿ, ಆ ಜಾಗಕ್ಕೆ ಬೇರೆ ಗಿಡ ತಂದಿಡಿ ಅಂತ. ಆ ಒಂದು ಸಾಲು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಅದಕ್ಕೇ ಈ ಪತ್ರ.

ನಾನು ಮೈಸೂರಿನ ಕುವೆಂಪುನಗರದಲ್ಲಿ ಬಟ್ಟೆ ಹೊಲಿಯುವವಳು. 26 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಮೊದಲನೇ ಮಹಡಿಯ ಬಾಡಿಗೆ ಮನೆ. ಮುಂದೆ 10 ಅಡಿ ಬಾಲ್ಕನಿ, ಪೂರ್ವದ ಬಿಸಿಲು. ಮೇಲೆ ತಾರಸಿಯಲ್ಲಿ ಅರ್ಧ ಜಾಗವನ್ನು ಓನರ್ ನನಗೆ ಬಿಟ್ಟುಕೊಟ್ಟಿದ್ದಾರೆ. ಅಷ್ಟರಲ್ಲೇ ನನ್ನ ತೋಟ.

ಎರಡು ವರ್ಷದ ಹಿಂದಿನ ಮಾತು. ತುಳಸಿ ಹಬ್ಬದ ಮಾರನೇ ಬೆಳಿಗ್ಗೆ ಹಾಲು ತರಲು ಹೋಗಿದ್ದೆ. ನಮ್ಮ ಬೀದಿಯ ತಿರುವಿನಲ್ಲಿ ಕಸದ ಪಕ್ಕ 11 ಸೇವಂತಿಗೆ ಕುಂಡಗಳು ಬಿದ್ದಿದ್ದವು. ಆಯುಧ ಪೂಜೆಗೆ ಯಾವುದೋ ಅಂಗಡಿಯವರು ಸಾಲಾಗಿ ಇಟ್ಟಿದ್ದವು. ಹೂ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು, ಎಲೆ ಜೋತುಬಿದ್ದಿತ್ತು. ಕಸ ತೆಗೆಯಲು ಬಂದಿದ್ದ ಹೆಣ್ಣುಮಗಳು ಒಂದೊಂದೇ ಗಿಡ ಕಿತ್ತು ಗಾಡಿಗೆ ಹಾಕುತ್ತಿದ್ದಳು. ನಾನು ನಿಂತು ನೋಡುತ್ತಿದ್ದುದು ಕಂಡು, "ಅಕ್ಕಾ, ಬೇಕಾ? ತಗೊಂಡೋಗಿ, ಸತ್ತೋಗವೆ" ಅಂದಳು. ಒಂದು ಕುಂಡ ಎತ್ತಿ ಒಣಗಿದ ಎಲೆ ಸರಿಸಿ, ಬೆರಳಲ್ಲಿ ಮೇಲಿನ ಮಣ್ಣು ಕೆದಕಿದೆ. ಕಾಂಡದ ಬುಡದಲ್ಲಿ ಅಕ್ಕಿಕಾಳಿನಷ್ಟು ಉದ್ದದ ಹಸಿರು ಮೊಳಕೆ. ಅದರ ಪಕ್ಕದಲ್ಲೇ ಇನ್ನೊಂದು. ಅವಳಿಗೂ ತೋರಿಸಿದೆ. ಬಗ್ಗಿ ನೋಡಿ, "ಅಯ್ಯೋ, ಜೀವ ಐತೆ" ಅಂದಳು. ಆಗಲೇ 4 ಗಿಡ ಗಾಡಿಯೊಳಗೆ ಹೋಗಿತ್ತು. ಉಳಿದ 7 ಕುಂಡಗಳನ್ನು ಇಬ್ಬರೂ ಸೇರಿ ನಮ್ಮ ಮನೆ ಮೆಟ್ಟಿಲಿಗೆ ತಂದಿಟ್ಟೆವು.

ಓದುಗರಿಗೆ ನಾನು ಹೇಳಬೇಕಾದ್ದು ಇದೇ. ಸೇವಂತಿಗೆ ಚೆಂಡುಹೂವಿನ ಹಾಗೆ ಒಂದೇ ಬೆಳೆಗೆ ಮುಗಿಯುವ ಗಿಡ ಅಲ್ಲ. ಹೂವಿನ ಕೊಂಬೆ ಒಣಗಿದರೂ ಬೇರು ಬದುಕಿರುತ್ತದೆ. ಬುಡದಿಂದ ಮರಿ ಹೊಡೆಯುತ್ತದೆ. ಹಾಗೇ ವರ್ಷ ವರ್ಷ ಬರುತ್ತದೆ. ಹಳ್ಳಿಯಲ್ಲಿ ಬೆಳೆದವರಿಗೆ ಇದು ಗೊತ್ತಿರುವ ವಿಷಯವೇ. ನಮ್ಮ ಅಮ್ಮನ ಮನೆಯ ಬಾವಿಕಟ್ಟೆಯ ಪಕ್ಕ ಸಣ್ಣ ಹಳದಿ ಸೇವಂತಿಗೆಯ ಒಂದು ಮಡಿ ಇತ್ತು. ಅದನ್ನು ಯಾರು ನೆಟ್ಟರೋ ಯಾರಿಗೂ ನೆನಪಿರಲಿಲ್ಲ. ಅಂಥ ಗಿಡವನ್ನು ನಾವೇ ಈಗ ಕುಂಡದ ಸಮೇತ ದುಡ್ಡು ಕೊಟ್ಟು ತಂದು, ಒಂದೂವರೆ ತಿಂಗಳಿಗೆ ಎಸೆಯುತ್ತಿದ್ದೇವೆ. ನರ್ಸರಿಯೊಂದರಲ್ಲಿ ಒಬ್ಬ ಹುಡುಗ, "ಹೂ ಆದ್ಮೇಲೆ ಎಸೀರಿ ಮೇಡಂ, ಇದು ಇಷ್ಟೇ" ಅಂದಿದ್ದ. ಅವನು ಸುಳ್ಳು ಹೇಳಿದ ಅಂತ ನಾನು ಅನ್ನುವುದಿಲ್ಲ. ಅವನಿಗೂ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ.

ತಂದ 7ರಲ್ಲಿ 2 ಸತ್ತವು. ಯಾಕೆ ಅಂತ ಕುಂಡ ಬೋರಲು ಹಾಕಿದಾಗ ಗೊತ್ತಾಯಿತು. ಒಳಗೆ ಮಣ್ಣೇ ಇರಲಿಲ್ಲ, ಬರೀ ತೆಂಗಿನ ನಾರಿನ ಪುಡಿ. ಬೇರು ಕುಂಡದ ಆಕಾರಕ್ಕೇ ಸುತ್ತಿಕೊಂಡು ಉಂಡೆಯಾಗಿತ್ತು. ಒಮ್ಮೆ ಪೂರ್ತಿ ಒಣಗಿದರೆ ಆ ಉಂಡೆ ಬೇಗ ನೀರು ಹೀರುವುದಿಲ್ಲ. ಮೇಲೆ ಹಾಕಿದ ನೀರು ಅಂಚಿನಿಂದ ಇಳಿದು ತಳದಲ್ಲಿ ಹೋಗಿಬಿಡುತ್ತದೆ. ಉಳಿದ ಐದನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು, ಆಮೇಲೆ ಬೇರಿನ ಉಂಡೆಯನ್ನು ಕೈಯಲ್ಲೇ ಸ್ವಲ್ಪ ಬಿಡಿಸಿ 10 ಇಂಚಿನ ಮಣ್ಣಿನ ಕುಂಡಕ್ಕೆ ಹಾಕಿದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಇದಕ್ಕಿಂತ ಜಾಸ್ತಿ ಏನೂ ಬೇಡ.

ವರ್ಷದ ಕೆಲಸವನ್ನು ನಾನು ಹಬ್ಬದ ಲೆಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ನನ್ನ ಹೊಲಿಗೆಯ ಲೆಕ್ಕವೂ ಅದೇ ತಾನೆ. ಸಂಕ್ರಾಂತಿ ಹೊತ್ತಿಗೆ ಹೂ ಪೂರ್ತಿ ಮುಗಿದಿರುತ್ತದೆ. ಆಗ ಮಣ್ಣಿನಿಂದ ನಾಲ್ಕು ಬೆರಳು ಬಿಟ್ಟು ಇಡೀ ಗಿಡ ಕತ್ತರಿಸುತ್ತೇನೆ. ಮೊದಲ ಸಲ ಕತ್ತರಿಸಲು ಕೈ ನಡುಗಿತ್ತು. ಒಂದು ತಿಂಗಳಲ್ಲಿ ಬುಡದ ತುಂಬ ಮರಿ ಬರುತ್ತವೆ. ಬೇಸಿಗೆಯಲ್ಲಿ ಅವನ್ನು ಬದುಕಿಸಿಕೊಂಡರೆ ಸಾಕು, ಮಧ್ಯಾಹ್ನದ ಬಿಸಿಲು ತಪ್ಪಿಸಿ ಗೋಡೆಯ ನೆರಳಿಗೆ ಇಡಬೇಕು. ಆಷಾಢದಲ್ಲಿ ಮದುವೆ ಮುಂಜಿ ಇರುವುದಿಲ್ಲ, ನನಗೂ ಕೆಲಸ ಕಡಿಮೆ. ಆಗ ಎಳೆಯ ಕುಡಿಗಳನ್ನು ಮೂರು ಇಂಚಿಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒದ್ದೆ ಮರಳಿನಲ್ಲಿ ಚುಚ್ಚುತ್ತೇನೆ. ಎರಡು ಮೂರು ವಾರಕ್ಕೆ ಬೇರು ಬರುತ್ತದೆ. ಶ್ರಾವಣದಲ್ಲಿ ತುದಿ ಚಿವುಟುವುದು. ಒಂದು ಕುಡಿ ಚಿವುಟಿದರೆ ಮೂರು ನಾಲ್ಕು ಕವಲು ಒಡೆಯುತ್ತವೆ, ಗಿಡ ಗುಂಡಗಾಗುತ್ತದೆ. ಆಗಸ್ಟ್ ಮುಗಿದ ಮೇಲೆ ಚಿವುಟಲೇಬಾರದು. ಚಿವುಟಿದರೆ ಮೊಗ್ಗನ್ನೇ ಕಿತ್ತ ಹಾಗೆ. ನನ್ನ ಗಿಡಗಳಿಗೆ ದಸರಾ ಹೊತ್ತಿಗೆ ಮೊಗ್ಗು, ದೀಪಾವಳಿಗೆ ಹೂ.

ಗಿಡ ಬಾಗದ ಹಾಗೆ ಕಡ್ಡಿಗೆ ಕಟ್ಟಬೇಕಲ್ಲ, ಅದಕ್ಕೆ ನಮ್ಮ ಮನೆಯಲ್ಲಿ ಬಟ್ಟೆ ಚೂರಿಗೆ ಬರವಿಲ್ಲ. ಹತ್ತಿ ಬಟ್ಟೆಯ ಪಟ್ಟಿ ಒಳ್ಳೆಯದು. ದಾರ, ತಂತಿ ಕಟ್ಟಿದರೆ ಕಾಂಡ ಕೊಯ್ಯುತ್ತದೆ.

ಹೋದ ವರ್ಷ ಒಂದು ವಿಚಿತ್ರ ಆಯಿತು. ಒಂದೇ ತಾಯಿಗಿಡದ ಎರಡು ಕುಂಡ ಬಾಲ್ಕನಿಯ ಎರಡು ತುದಿಯಲ್ಲಿ ಇಟ್ಟಿದ್ದೆ. ಮಣ್ಣು ಒಂದೇ, ನೀರು ಒಂದೇ. ಎಡಗಡೆಯದು ಮೊಗ್ಗು ಬಿಟ್ಟು ಹಳದಿ ತೋರಿಸುತ್ತಿತ್ತು. ಬಲಗಡೆಯದು ಸೊಂಪಾಗಿ ಬೆಳೆದೇ ಬೆಳೆಯಿತು, ಬರೀ ಎಲೆ. ಗೊಬ್ಬರ ಜಾಸ್ತಿಯಾಯಿತೇನೋ ಅಂದುಕೊಂಡೆ. ಆ ಕಾರ್ತೀಕದಲ್ಲಿ ತಂಗಿಯ ಮನೆಗೆ ಹೋಗಿದ್ದೆ, ಚಿಕ್ಕಬಳ್ಳಾಪುರದ ಕಡೆ. ರಾತ್ರಿ ಬಸ್ಸಿನಿಂದ ನೋಡಿದರೆ ಹೊಲದ ತುಂಬ ಬಲ್ಬು ಉರಿಯುತ್ತಿವೆ, ಜಾತ್ರೆಯ ಹಾಗೆ. ಅದೇನು ಅಂತ ತಂಗಿಯ ಯಜಮಾನರನ್ನು ಕೇಳಿದೆ. "ಅತ್ತಿಗೆ, ಅದು ಸೇವಂತಿಗೆ ಹೊಲ. ರಾತ್ರಿ ಉದ್ದ ಆದ್ರೆ ಗಿಡ ಮೊಗ್ಗಿಗೆ ಬರುತ್ತೆ. ಬೇಗ ಬರ್ಬಾರ್ದು, ಇನ್ನೂ ಬೆಳೀಲಿ ಅಂತ ಬೆಳಕು ಕೊಡ್ತಾರೆ" ಅಂದರು. ನನಗೆ ತಟ್ಟನೆ ಹೊಳೆಯಿತು. ನಮ್ಮ ಬಾಲ್ಕನಿಯ ಬಲತುದಿಗೆ ಎದುರಾಗಿ ಬೀದಿದೀಪ ಇದೆ. ಆ ವರ್ಷ ತಾನೇ ಹೊಸದು, ಬೆಳ್ಳಗೆ ಹೊಳೆಯುವುದು, ಬಂದಿತ್ತು. ಊರಿಂದ ಬಂದವಳೇ ಆ ಕುಂಡವನ್ನು ತಾರಸಿಯ ನೀರಿನ ಟ್ಯಾಂಕಿನ ಹಿಂದೆ, ಕತ್ತಲಿಗೆ ಇಟ್ಟೆ. ತಡವಾದರೂ ಹೂ ಬಿಟ್ಟಿತು, ಸಂಕ್ರಾಂತಿಯ ಎಳ್ಳು ಬೀರುವಾಗ ಅದೇ ಗಿಡದ ಹೂ ತಟ್ಟೆಯಲ್ಲಿತ್ತು. ಸೇವಂತಿಗೆ ಹೂ ಬಿಡುತ್ತಿಲ್ಲ ಅಂತ ಬೇಜಾರು ಮಾಡಿಕೊಂಡವರು ದಯವಿಟ್ಟು ರಾತ್ರಿ ಎದ್ದು ಗಿಡದ ಮೇಲೆ ಯಾವ ಬೆಳಕು ಬೀಳುತ್ತಿದೆ ಅಂತ ಒಮ್ಮೆ ನೋಡಿ. ಗೇಟಿನ ದೀಪ, ಅಂಗಡಿಯ ಬೋರ್ಡು, ಏನೂ ಇರಬಹುದು.

ಇನ್ನೊಂದು ಮಾತು. ಆ ಬರಹದಲ್ಲಿ ಹೇಳಿದ್ದ ಗಿಡಗಳಲ್ಲಿ ಅರ್ಧಕ್ಕರ್ಧ ಚಳಿದೇಶದವು. ಅಲ್ಲಿ ಈ ಕಾಲದಲ್ಲಿ ಎಲೆ ಉದುರುತ್ತದೆ, ಹಿಮ ಬೀಳುವ ಮೊದಲು ನಾಲ್ಕು ದಿನ ಬಣ್ಣ ಇರಲಿ ಅಂತ ಅವರು ಕುಂಡ ತುಂಬಿಸುತ್ತಾರೆ. ನಮ್ಮ ಶರತ್ಕಾಲ ಹಾಗಲ್ಲವಲ್ಲ. ಆಶ್ವಯುಜ, ಕಾರ್ತೀಕ ಅಂದರೆ ಮಳೆ ಕುಡಿದ ನೆಲ, ತೊಳೆದ ಆಕಾಶ. ಗಿಡಗಳು ಮೈದುಂಬಿ ಹೂ ಬಿಡುವ ಕಾಲ. ಎಲೆ ಉದುರುವುದು ನಮ್ಮಲ್ಲಿ ಶಿವರಾತ್ರಿಯ ಆಸುಪಾಸು. ಹಾಗಿರುವಾಗ ಈ ಕಾಲಕ್ಕೇ ಹೂ ಬಿಡುವ, ವರ್ಷಗಟ್ಟಲೆ ಬದುಕುವ ನಮ್ಮ ಗಿಡಗಳ ಬಗ್ಗೆ ಒಂದು ಪುಟ ಬರೆಯಬಹುದಲ್ವಾ?

ಕನಕಾಂಬರ ಇದೆ. ನನ್ನ ಹತ್ತಿರ ಇರುವುದು ಅಮ್ಮನ ಮನೆಯ ಬೀಜದ ವಂಶ. ಅರ್ಧ ದಿನ ನೆರಳಿದ್ದರೂ ನಡೆಯುತ್ತದೆ. ತೆನೆಯ ಕೆಳಗಿನಿಂದ ಮೇಲಕ್ಕೆ ದಿನಾ ಒಂದೊಂದು ಸುತ್ತು ಅರಳುತ್ತದೆ, ಒಂದು ತೆನೆ ವಾರಗಟ್ಟಲೆ ಬರುತ್ತದೆ. ಹೂ ಮುಗಿದ ತೆನೆಯನ್ನು ಕಿತ್ತರೆ ಹೊಸ ತೆನೆ ಬೇಗ. ಒಂದೆರಡು ತೆನೆ ಬಿಟ್ಟರೆ ಕಾಯಿ ಒಣಗುತ್ತದೆ. ಒಣಗಿದ ಕಾಯಿಗೆ ನೀರು ತಾಕಿದರೆ ಟಪ್ ಅಂತ ಸಿಡಿದು ಬೀಜ ದೂರ ಹಾರುತ್ತದೆ. ನಿನ್ನೆ ಸಂಜೆ ಚಿತ್ತೆ ಮಳೆ ಶುರುವಾದಾಗ ಮಿಷಿನ್ ನಿಲ್ಲಿಸಿ ಬಾಗಿಲ ಹತ್ತಿರ ನಿಂತಿದ್ದೆ. ಬಾಲ್ಕನಿಯಲ್ಲಿ ಟಪ್, ಟಪ್, ಟಪ್. ಒಂದು ಬೀಜ ಬಂದು ನನ್ನ ಕಾಲಿಗೇ ತಾಗಿತು. ಪಕ್ಕದ ಕುಂಡಗಳಲ್ಲೆಲ್ಲ ಕನಕಾಂಬರದ ಸಸಿ ಏಳುವುದು ಹೀಗೆಯೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಅಂಬರ, ಅರ್ಕಾ ಕನಕ ಅಂತ ಕನಕಾಂಬರದ ತಳಿಗಳನ್ನೇ ಬಿಡುಗಡೆ ಮಾಡಿದ್ದಾರೆ. ಅಷ್ಟು ಕಾಳಜಿಯಿಂದ ಕೆಲಸ ನಡೆದಿರುವ ಹೂವನ್ನು ನಮ್ಮ ಊರಿನ ಅಲಂಕಾರದ ಕುಂಡಗಳಲ್ಲಿ ಕಾಣುವುದೇ ಅಪರೂಪ.

ಸ್ಫಟಿಕದ ಹೂ ಇದೆ, ಕೆಲವರು ಡಿಸೆಂಬರ್ ಹೂ ಅನ್ನುತ್ತಾರೆ. ನೇರಳೆ, ಬಿಳಿ, ನೇರಳೆಯ ಮೇಲೆ ಬಿಳಿ ಗೆರೆ ಇರುವುದು. ಇದರ ಕೊಂಬೆ ಚುಚ್ಚಿದರೆ ಸಾಕು, ಬರುತ್ತದೆ. ಅಕ್ಟೋಬರ್ ಕೊನೆಗೆ ಶುರುವಾಗಿ ಸಂಕ್ರಾಂತಿಯವರೆಗೂ ಬಿಡುತ್ತದೆ. ಮಾಗಿ ಮಲ್ಲಿಗೆ ಇದೆ, ಅದಕ್ಕೆ ಸ್ವಲ್ಪ ದೊಡ್ಡ ಕುಂಡ ಬೇಕು. ನಿತ್ಯಪುಷ್ಪ ಹೇಗೂ ವರ್ಷವಿಡೀ ಇದ್ದೇ ಇರುತ್ತದೆ.

ಒಂದೇ ದೊಡ್ಡ ಕುಂಡದಲ್ಲಿ ಎಲ್ಲವನ್ನೂ ಹಾಕಬೇಕು ಅನ್ನುವವರಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ. 18 ಇಂಚು ಅಗಲದ ಸಿಮೆಂಟ್ ತೊಟ್ಟಿ. ಹಿಂದೆ ಎರಡು ನೇರಳೆ ಸ್ಫಟಿಕ. ಅದರ ಮುಂದೆ ಮೂರು ಹಳದಿ ಸೇವಂತಿಗೆ. ಒಂದು ಪಕ್ಕಕ್ಕೆ ಕನಕಾಂಬರ. ಮುಂದೆ ಅಂಚಿನಿಂದ ಇಳಿಬೀಳಲಿ ಅಂತ ದೊಡ್ಡಪತ್ರೆ, ಅದರ ಜೊತೆ ಕೆಂಪು ಎಲೆಯ ಕೋಲಿಯಸ್. ದೊಡ್ಡಪತ್ರೆಯೂ ಕೋಲಿಯಸ್ ಕುಲದ್ದೇ, ಎರಡರ ದಂಟೂ ಮುಟ್ಟಿದರೆ ಚೌಕ. ಹಳದಿ ಪಕ್ಕ ನೇರಳೆ ಇಟ್ಟರೆ ಎರಡೂ ಎದ್ದು ಕಾಣುತ್ತವೆ. ಇದನ್ನು ನಾನು ಸೀರೆಯ ಅಂಚಿಗೆ ಬ್ಲೌಸ್ ಬಟ್ಟೆ ಹಿಡಿದು ಹಿಡಿದು ಕಲಿತದ್ದು. ಕೇಸರಿಯ ಪಕ್ಕ ಕೆಂಪು ಇಟ್ಟರೆ ಎರಡೂ ಮಂಕು, ನಡುವೆ ಒಂದಿಷ್ಟು ಹಸಿರು ಇರಬೇಕು. ದೊಡ್ಡಪತ್ರೆ ಆ ಕೆಲಸ ಮಾಡುತ್ತದೆ, ಮಳೆ ಬಂದ ಸಂಜೆ ಬಜ್ಜಿಗೂ ಆಗುತ್ತದೆ. ದುಡ್ಡಿಗೆ ಬಂದರೆ ತೊಟ್ಟಿ ಒಂದಕ್ಕೆ ಮಾತ್ರ ಖರ್ಚು. ಗಿಡಗಳೆಲ್ಲ ಕೊಂಬೆಯಿಂದ, ಮರಿಯಿಂದ, ಬೀಜದಿಂದ ಬಂದವು.

ತೊಟ್ಟಿ ಕೊಳ್ಳಲು ಆಗದವರು ಪೇಂಟಿನ 20 ಲೀಟರ್ ಡಬ್ಬಿ ತೊಳೆದು, ಕಾಸಿದ ಕಬ್ಬಿಣದ ಸರಳಿನಿಂದ ತಳಕ್ಕೆ ಆರು ತೂತು ಮಾಡಿದರೆ ಆಯಿತು.

ತೂತಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ, ಇದರಲ್ಲಿ ನನಗೆ ಒಂದು ಸಲ ನಷ್ಟವಾಗಿದೆ. ಮೈಸೂರಿನಲ್ಲಿ ಅಕ್ಟೋಬರ್ ಮಳೆ ಸುಮ್ನೆ ಹನಿಸಿ ಹೋಗುವ ಮಳೆಯಲ್ಲ. ಮಧ್ಯಾಹ್ನದವರೆಗೂ ಸುಡುಬಿಸಿಲು, ಸಂಜೆ ಒಂದು ಗಂಟೆಯಲ್ಲಿ ಬೀದಿ ತುಂಬ ಹರಿಯುವಷ್ಟು. ತಾರಸಿ ಗಲೀಜಾಗಬಾರದು ಅಂತ ನಾನು ಎಲ್ಲ ಕುಂಡಕ್ಕೂ ಪ್ಲಾಸ್ಟಿಕ್ ತಟ್ಟೆ ಇಟ್ಟಿದ್ದೆ. ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ತಟ್ಟೆಯಲ್ಲಿ ನೀರು ನಿಂತು ನಾಲ್ಕು ಗಿಡದ ಬೇರು ಕೊಳೆತು ಹೋಗಿತ್ತು. ಎಲೆ ಬಾಡಿದ್ದು ನೋಡಿ ನೀರು ಸಾಲದಾಯಿತೇನೋ ಅಂತ ಮತ್ತೆ ನೀರು ಹಾಕಿದೆ. ಆ ತಪ್ಪು ಬೇರೆ ಯಾರೂ ಮಾಡಬೇಡಿ. ಬುಡದ ಮಣ್ಣು ಮುಟ್ಟಿ ನೋಡಿ ನೀರು ಹಾಕಿ. ಈಗ ಚಿತ್ತೆ, ಸ್ವಾತಿ ಮಳೆ ಮುಗಿಯುವವರೆಗೂ ತಟ್ಟೆ ತೆಗೆದು, ಪ್ರತಿ ಕುಂಡವನ್ನೂ ಮೂರು ಇಟ್ಟಿಗೆ ಚೂರಿನ ಮೇಲೆ ಕೂರಿಸುತ್ತೇನೆ. ಗಾಳಿ ಆಡುತ್ತದೆ, ನೀರು ಹರಿದುಹೋಗುತ್ತದೆ, ತಾರಸಿಯೂ ಒಣಗುತ್ತದೆ. ನಮ್ಮ ಓನರ್‌ಗೆ ಸೋರುವ ಭಯ ಇತ್ತು. ಇಟ್ಟಿಗೆ ಇಟ್ಟ ಮೇಲೆ ಅವರೇ ಎರಡು ಕುಂಡ ಕೇಳಿ ಇಸಿದುಕೊಂಡರು.

ಹೇನಿನ ಕಾಟ ಇದ್ದೇ ಇದೆ. ಸೇವಂತಿಗೆ ಮೊಗ್ಗಿನ ಕೆಳಗೆ ಕರಿ ಹೇನು ಸಾಲುಗಟ್ಟಿ ಕೂರುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ಎರಡು ತೊಟ್ಟು ಸೋಪಿನ ನೀರು, ಸಂಜೆ ಹೊತ್ತು ಸಿಂಪಡಿಸಿದರೆ ಹಿಡಿತಕ್ಕೆ ಬರುತ್ತದೆ.

ಈಗ ನನ್ನ ಕೋರಿಕೆ. ದಸರಾದಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ನಾನು ಪ್ರತಿ ವರ್ಷ ಹೋಗುತ್ತೇನೆ. ನನ್ನಂಥವರಿಗೆ ಅದು ವರ್ಷದ ದೊಡ್ಡ ಹಬ್ಬ. ಅಲ್ಲಿ ಕುಂಡಗಳ ಮುಂದೆ ಗಿಡದ ಹೆಸರಿನ ಜೊತೆಗೆ ಇನ್ನೊಂದು ಸಾಲು ಬರೆದರೆ ಎಷ್ಟು ಉಪಕಾರ: ಇದು ಒಂದೇ ಬೆಳೆಯ ಗಿಡ, ಇದು ಹಲವು ವರ್ಷ ಬದುಕುವ ಗಿಡ ಅಂತ. ಗಿಡ ಮಾರುವ ಎಲ್ಲರೂ ಇದನ್ನು ಕುಂಡದ ಮೇಲೆ ಒಂದು ಚೀಟಿಯಲ್ಲಿ ಬರೆದು ಅಂಟಿಸಬಹುದು. ಹಬ್ಬಕ್ಕೆ ಸಾಲಾಗಿ ಕುಂಡ ಇಡುವ ಅಂಗಡಿ, ಕಚೇರಿ, ಕಲ್ಯಾಣಮಂಟಪದವರಿಗೆ ಕೈಮುಗಿದು ಕೇಳುತ್ತೇನೆ. ಹೂ ಮುಗಿದ ಕುಂಡ ನಿಮಗೆ ಬೇಡದಿದ್ದರೆ ಹತ್ತಿರದ ಶಾಲೆಗೆ ಕೊಡಿ, ಅಥವಾ ಬೇಕಾದವರು ಒಯ್ಯಲಿ ಅಂತ ಗೇಟಿನ ಹೊರಗೆ ಎರಡು ದಿನ ಇಡಿ. ಕಸದ ಗಾಡಿಗೆ ಮಾತ್ರ ಹಾಕಬೇಡಿ. ನಿಮ್ಮ ಪತ್ರಿಕೆಯವರೂ ದೀಪಾವಳಿ ಆದ ಮೇಲೆ, ತುಳಸಿ ಹಬ್ಬದ ಆಸುಪಾಸಿನಲ್ಲಿ, ಸೇವಂತಿಗೆ ಗಿಡವನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಬಗ್ಗೆ ನಾಲ್ಕು ಸಾಲು ಹಾಕಿ. ಎಸೆಯುವುದು ಆಗಲೇ.

ತುಳಸಿಗೆ ನಾವು ಹಾಗೆ ಮಾಡುವುದಿಲ್ಲವಲ್ಲ. ಅದೂ ಕುಂಡದ ಗಿಡವೇ. ಒಣಗಿದರೂ ಬುಡ ಚಿಗುರುತ್ತದೇನೋ ಅಂತ ಕಾಯುತ್ತೇವೆ, ಬೀಜ ಉದುರಿಸಿ ಸಸಿ ಎಬ್ಬಿಸುತ್ತೇವೆ. ಅದರಲ್ಲಿ ಕಾಲು ಪಾಲು ತಾಳ್ಮೆ ಸೇವಂತಿಗೆಗೆ ಸಾಕು.

ಕಸದಿಂದ ತಂದ 7ರಲ್ಲಿ ಉಳಿದ 5 ಗಿಡ ಈಗ 31 ಆಗಿವೆ. ಈ ಆಷಾಢದಲ್ಲಿ ಕೊಟ್ಟ ಸಸಿಗಳು ಬೇರೆ, ಅವನ್ನು ಎಣಿಸಿಲ್ಲ. ಆವತ್ತು ಬೆಳಿಗ್ಗೆ ನನ್ನ ಜೊತೆ ಕುಂಡ ಹೊತ್ತ ಹೆಣ್ಣುಮಗಳಿಗೆ ಎರಡು ಕೊಟ್ಟಿದ್ದೆ. ಮೊನ್ನೆ ಕಸದ ಗಾಡಿ ಬಂದಾಗ ಕೆಳಗಿನಿಂದಲೇ ಕೂಗಿದಳು: "ಅಕ್ಕಾ, ತುದೀಲಿ ಮೆಣಸಿನಕಾಳಷ್ಟು ಗುಂಡಗೆ ಬಂದೈತೆ, ಚಿವುಟ್ಲಾ?" ಬೇಡ, ಅದೇ ಮೊಗ್ಗು, ದೀಪಾವಳಿಯವರೆಗೂ ಮುಟ್ಟಬೇಡ ಅಂತ ನಾನು ಬಾಲ್ಕನಿಯಿಂದ ಕೂಗಿದೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಳು,
ಕುವೆಂಪುನಗರ, ಮೈಸೂರು